ಎಲ್ಲರಿಗೂ ಬೇಕಾದ ಹತ್ತಿ

ಕಂಡಕ್ಟರ್ ತನ್ನ ಮಗಳು ಪುಟ್ಟಿಗೆ ಒಂದು ಜಡೆ ಹೆಣೆದು ಮುಗಿಸಿ, ಇನ್ನೊಂದಕ್ಕೆ ಕೂದಲನ್ನು ಮೂರು ಪಾಲು ಮಾಡುವಷ್ಟರಲ್ಲಿ ಬಾಗಿಲಲ್ಲಿ ಮೇಡಂ ನಿಂತು ಕರೆದರು. ಅವನು ಬಾಚಣಿಗೆಯನ್ನು ಜೇಬಿಗೆ ಸಿಕ್ಕಿಸಿಕೊಂಡು ಎದ್ದ. ಪುಟ್ಟಿ ಅರ್ಧ ಕೊಯ್ದ ಹೊಲದಂಥ ತಲೆ ಹೊತ್ತು ಅವನ ಹಿಂದೆಯೇ ನಡೆದಳು.

ಶಾಲೆ ಈಗ ಶಾಲೆಯಾಗಿರಲಿಲ್ಲ. ಹೊಳೆ ಉಕ್ಕಿ ಕೆಳಗಿನ ಬೀದಿಗಳೆಲ್ಲ ಮುಳುಗಿದ ಮೇಲೆ ಬೆಂಚುಗಳನ್ನು ಗೋಡೆಗೆ ಪೇರಿಸಿ, ಒಂದೊಂದು ತರಗತಿಯಲ್ಲಿ ನಾಲ್ಕೈದು ಸಂಸಾರಗಳು ಚಾಪೆ ಹಾಸಿಕೊಂಡಿದ್ದವು. ಮೇಡಂ ಈ ಪರಿಹಾರ ಕೇಂದ್ರದ ಉಸ್ತುವಾರಿ. ಕಂಡಕ್ಟರ್ ಕೇಂದ್ರದ ದನಿ.

ಆ ಕೆಲಸವನ್ನು ಅವನಿಗೆ ಯಾರೂ ಕೊಟ್ಟಿರಲಿಲ್ಲ. ನೀರು ನುಗ್ಗಿದ ಸಂಜೆ ಕರೆಂಟು ಹೋಗಿ, ಯಾವುದು ರಸ್ತೆ ಯಾವುದು ಚರಂಡಿ ತಿಳಿಯದೆ ಜನ ಕಂಗಾಲಾಗಿದ್ದಾಗ, ಅವನು ದಿಬ್ಬದ ಮೇಲೆ ನಿಂತು ಬಸ್ಸಿನಲ್ಲಿ ಕೂಗುವ ಹಾಗೇ ಕೂಗಿದ್ದ. “ಮುಂದೆ ಬನ್ನಿ, ಮುಂದೆ ಜಾಗ ಇದೆ. ಬಲಗಡೆ ಗೋಡೆ ಹಿಡ್ಕೊಳ್ಳಿ.” ಆ ದನಿಯನ್ನೇ ಹಗ್ಗದ ಹಾಗೆ ಹಿಡಿದು ಇಡೀ ಬೀದಿ ದಿಬ್ಬ ಹತ್ತಿತ್ತು. ಒಂದು ಜೀವವೂ ಹೋಗಲಿಲ್ಲ. ಎಲ್ಲರ ಕೊನೆಗೆ ಹತ್ತಿ ಬಂದವಳು ಅವನ ಹೆಂಡತಿ, ಪುಟ್ಟಿಯನ್ನು ಬೆನ್ನಿಗೆ ಕಟ್ಟಿಕೊಂಡು.

ಬಸ್ಸು ಈಗ ಡಿಪೋದಲ್ಲಿ ಕಿಟಕಿಯ ಮಟ್ಟಕ್ಕೆ ಮುಳುಗಿತ್ತು. ಉಳಿದದ್ದು ದನಿ. ಅದನ್ನು ಅವನು ಕೇಂದ್ರಕ್ಕೆ ಧಾರಾಳವಾಗಿ ಕೊಟ್ಟ. ಬೆಳಕು ಹರಿಯುವ ಮುಂಚೆಯೇ ಎದ್ದು, “ಚಹಾ ಬಂತು, ಚಹಾ” ಎಂದು ಕೂಗಿದರೆ ಗೋಡೆಯ ಹಲ್ಲಿಗಳು ಪಟಪಟನೆ ಕೆಳಗುದುರುತ್ತಿದ್ದವು.

“ನಿನ್ನೆ ಮಕ್ಕಳ ಹಾಲು ಬಂದದ್ದು ಬಾಣಂತಿಗೆ ಗೊತ್ತೇ ಆಗಿಲ್ವಂತೆ,” ಎಂದರು ಮೇಡಂ. “ಕ್ಯಾನು ತುಂಬಿದ ಹಾಗೇ ವಾಪಸ್ ಹೋಯ್ತು. ನೀವು ಹೇಳಲಿಲ್ವಾ?”

“ಮೂರು ಸಲ ಕೂಗಿದೆ ಮೇಡಂ. ಆಚೆ ದಡದಲ್ಲಿ ಮಲಗಿದ್ದ ಎಮ್ಮೆಗಳು ಎದ್ದು ನಿಂತವು.”

“ಹಾಗಾದ್ರೆ ಎಲ್ಲೋ ತಪ್ಪಿದೆ. ಇವತ್ತು ಪ್ರತಿ ಕೋಣೆಗೂ ಹೋಗಿ ಎರಡು ಮಾತು ಕೇಳಿ ಬನ್ನಿ. ಏನು ಬೇಕು, ಸುದ್ದಿ ಹೇಗೆ ತಿಳಿಸಿದರೆ ಅನುಕೂಲ. ಸಂಜೆ ನೋಡಿ ವ್ಯವಸ್ಥೆ ಬದಲಾಯಿಸೋಣ.”

ಬದಲಾಯಿಸೋಣ ಎಂಬ ಮಾತು ಕಂಡಕ್ಟರನ ಎದೆಯಲ್ಲಿ ಮುಳ್ಳಿನ ಹಾಗೆ ನಿಂತಿತು. ಬಸ್ಸಂತೂ ಇಲ್ಲ. ಕೂಗೂ ಇಲ್ಲವೆಂದರೆ ಚಾಪೆಯ ಮೇಲೆ ಕೂತು ಅವನು ಮಾಡುವುದಾದರೂ ಏನು?

ಮೊದಲ ಕೋಣೆಯಲ್ಲಿ ದರ್ಜಿ ಇದ್ದ. ಹೊಲಿಗೆ ಯಂತ್ರವನ್ನು ತಲೆಯ ಮೇಲೆ ಹೊತ್ತು ನೀರು ದಾಟಿದ ಮನುಷ್ಯ.

“ದರ್ಜಿಯಣ್ಣ, ಏನಾದ್ರೂ ಬೇಕಾ?”

ದರ್ಜಿ ಅತ್ತಿತ್ತ ನೋಡಿದ. “ಒಂದಿಷ್ಟು ಹತ್ತಿ ಸಿಕ್ಕಿದ್ರೆ ಒಳ್ಳೇದಿತ್ತು.”

“ಹೊಲಿಗೆಗಾ?”

“ಹೂಂ. ಅದಕ್ಕೂ ಆಗುತ್ತೆ.”

“ಸುದ್ದಿ ಹೇಗೆ ಹೇಳಿದ್ರೆ ಅನುಕೂಲ?”

“ಕರಿಹಲಗೆ ಮೇಲೆ ಬರೆದುಬಿಡಪ್ಪ.”

“ನಿನಗೆ ಓದೋಕೆ ಬರಲ್ವಲ್ಲ.”

“ಕಲೀತೀನಿ. ಹೇಗೂ ಶಾಲೇಲೇ ಇದೀನಿ.”

“ಅಪ್ಪಾ, ಒಂದು ಕೇಳ್ಲಾ?” ಎಂದಳು ಪುಟ್ಟಿ. ಅವಳು ದರ್ಜಿಯ ಕಿವಿಯನ್ನೇ ನೋಡುತ್ತಿದ್ದಳು. ಕಿವಿಯಿಂದ ಒಂದು ನೀಲಿ ಬಟ್ಟೆ ಚೂರು ಮೊಲದ ಬಾಲದಷ್ಟು ಹೊರಗೆ ಇಣುಕಿತ್ತು. ದರ್ಜಿ ಗಡಬಡಿಸಿ ಅವಳ ಕೈಗೆ ಕೆಂಪು ರಿಬ್ಬನ್ ತುರುಕಿದ. “ತಗೋ ಮರಿ, ಜಡೆಗೆ ಕಟ್ಕೋ. ಅಪ್ಪನಿಗೆ ಕೆಲಸ ಇದೆ, ತೊಂದರೆ ಕೊಡಬಾರದು.”

ಮುಂದಿನ ಕೋಣೆಯಲ್ಲಿ ಬಾಣಂತಿ ಮಗುವನ್ನು ಆಗಷ್ಟೇ ಮಲಗಿಸಿ, ತುಟಿಯ ಮೇಲೆ ಬೆರಳಿಟ್ಟುಕೊಂಡು ಕೂತಿದ್ದಳು. ಕಂಡಕ್ಟರ್ ಅರ್ಥಮಾಡಿಕೊಂಡು ಪಿಸುಗುಟ್ಟಿದ. ಅವನ ಪಿಸುಮಾತಿಗೆ ಆ ಮಗು ಎದ್ದಿತು, ಪಕ್ಕದ ಕೋಣೆಯ ಮಗುವೂ ಎದ್ದಿತು.

“ಹತ್ತಿ ಬೇಕಣ್ಣ,” ಎಂದಳು ಬಾಣಂತಿ, ಮಗುವನ್ನು ತೂಗುತ್ತಾ.

“ಮಗುವಿಗಾ?”

“ಇಬ್ಬರಿಗೂ. ಕಿವಿಗೆ.”

ಪಕ್ಕದಲ್ಲೇ ಇದ್ದ ಅಜ್ಜಿ ಕೇಳುವ ಮುಂಚೆಯೇ, “ನನಗೂ ಅದೇ ಕಣಪ್ಪ,” ಎಂದಳು. “ಸುದ್ದಿ ಇದ್ರೆ ಯಾರಾದ್ರೂ ಹತ್ತಿರ ಬಂದು ಮೆಲ್ಲಗೆ ಹೇಳಲಿ.”

“ಮೆಲ್ಲಗೆ ಹೇಳಿದ್ರೆ ಕೇಳಿಸುತ್ತಾ ಅಜ್ಜಿ?”

“ಕೇಳಿಸದಿದ್ರೂ ಪರವಾಗಿಲ್ಲ.”

“ಅಪ್ಪಾ, ಒಂದು...” ಎಂದು ಪುಟ್ಟಿ ಬಾಯಿ ತೆರೆದಳು. ಅಜ್ಜಿ ಆ ತೆರೆದ ಬಾಯಿಗೆ ಬಿಸ್ಕತ್ತು ಇಟ್ಟಳು.

ಹೀಗೇ ಸಾಗಿತು. ಒಬ್ಬೊಬ್ಬರದು ಒಂದೊಂದು ಜಾಣತನ. ಒಬ್ಬ ಗಂಟೆ ಹೊಡೆದರೆ ಸಾಕು ಎಂದ. ಇನ್ನೊಬ್ಬಳು ಬಣ್ಣದ ಬಾವುಟ ಹಾರಿಸಿ ಎಂದಳು. ನಿಜವನ್ನು ಮಾತ್ರ ಯಾರೂ ಹೇಳಲಿಲ್ಲ. ಯಾವ ದನಿ ತಮ್ಮನ್ನು ದಡ ಸೇರಿಸಿತೋ ಅದಕ್ಕೆ ಸುಮ್ಮನಿರು ಎನ್ನಲು ಯಾರಿಗೆ ನಾಲಗೆ ಬರುತ್ತದೆ? ಪುಟ್ಟಿ ಪ್ರತಿ ಕೋಣೆಯಲ್ಲೂ ಬಾಯಿ ತೆರೆದಳು, ಪ್ರತಿ ಕೋಣೆಯಲ್ಲೂ ಏನಾದರೊಂದು ಸಿಕ್ಕಿತು. ಮಧ್ಯಾಹ್ನದ ಹೊತ್ತಿಗೆ ಅವಳ ಲಂಗದ ಜೇಬು ಸಂತೆಯಿಂದ ಬಂದ ಚೀಲದ ಹಾಗೆ ಉಬ್ಬಿತ್ತು.

ಕೊನೆಗೆ ಅಡುಗೆಯ ಜಾಗ. ಅವನ ಹೆಂಡತಿ ಹೊಗೆಯಲ್ಲಿ ಕಣ್ಣು ಕಿರಿದು ಮಾಡಿಕೊಂಡು ಒಲೆ ಊದುತ್ತಿದ್ದಳು.

“ನಿನಗೇನು ಬೇಕು?”

“ಒಣ ಸೌದೆ. ಊದಿ ಊದಿ ಉಸಿರೇ ನಿಂತುಹೋಯ್ತು.”

“ಹತ್ತಿ ಬೇಡವಾ?”

“ನನಗ್ಯಾಕೆ ಹತ್ತಿ?”

“ಸುದ್ದಿ ಹೇಗೆ ಹೇಳಬೇಕು?”

“ಈಗ ಹೇಗೆ ಹೇಳ್ತಿದ್ದೀರೋ ಹಾಗೇ,” ಎಂದಳು ಅವಳು, ತಲೆ ಎತ್ತದೆ. ಪುಟ್ಟಿ ಅಮ್ಮನ ಕಿವಿಗಳನ್ನು ಈ ಕಡೆಯಿಂದ ಒಮ್ಮೆ, ಆ ಕಡೆಯಿಂದ ಒಮ್ಮೆ ನೋಡಿದಳು.

ಕಂಡಕ್ಟರ್ ಒಂದನ್ನೂ ಬಿಡದೆ, ಒಂದನ್ನೂ ಬರೆದುಕೊಳ್ಳದೆ, ಎಲ್ಲವನ್ನೂ ಮೇಡಂಗೆ ಒಪ್ಪಿಸಿದ. ಕಡೆಗೆ ತನ್ನ ಅಭಿಪ್ರಾಯವನ್ನೂ ಸೇರಿಸಿದ. “ಜನಕ್ಕೆ ಕಿವಿಗೆ ಏನೋ ಬಂದಿದೆ ಮೇಡಂ. ಪಾಪ, ಕೊಳೆ ನೀರಲ್ಲಿ ನಡೆದು ಬಂದವರು. ಅದಕ್ಕೇ ನಾನು ಕೂಗಿದ್ದು ಕೇಳಿಸಿಲ್ಲ.”

ಮೇಡಂ ಗಾಬರಿಯಾಗಿ ಫೋನ್ ಮಾಡಿದರು. ಡಾಕ್ಟರ್ ದೋಣಿಯಲ್ಲಿ ಬಂದಿಳಿದರು. ಮೃದು ಮಾತಿನವರು. ಅಜ್ಜಿಯ ಮುಂದೆ ಕೂತು, “ಕಿವಿ ನೋಯುತ್ತಾ?” ಎಂದರು. ಅಜ್ಜಿ ಸುಮ್ಮನೆ ನಕ್ಕಳು. ಕಂಡಕ್ಟರ್ ಸಹಾಯಕ್ಕೆ ಬಂದ.

“ಅಜ್ಜೀ, ಕಿವಿ ನೋಯುತ್ತಾ ಅಂತ ಡಾಕ್ಟರ್ ಕೇಳ್ತಿದ್ದಾರೆ.”

ಅಜ್ಜಿಯ ಮುಖ ಹುಣಸೆಹಣ್ಣು ತಿಂದ ಮಗುವಿನ ಹಾಗೆ ಕಿವುಚಿಕೊಂಡಿತು. “ತುಂಬ ನೋವಿದೆ,” ಎಂದುಕೊಂಡರು ಡಾಕ್ಟರ್. ಕಿವಿಯೊಳಗೆ ದೀಪ ಬಿಟ್ಟು ನೋಡಿದರೆ ದರ್ಜಿಯ ಬಟ್ಟೆ ಚೂರು. ದರ್ಜಿಯ ಕಿವಿಯಲ್ಲೂ ಅದೇ, ಬಾಣಂತಿಯ ಕಿವಿಯಲ್ಲೂ ಅದೇ. ನೋವು ತಡೆಯಲಾರದೆ ಕೈಗೆ ಸಿಕ್ಕಿದ್ದನ್ನು ತುರುಕಿಕೊಂಡಿದ್ದಾರೆ, ಪಾಪ. ಕಂಡಕ್ಟರ್ ಒಂದು ಗಳಿಗೆಯೂ ಪಕ್ಕ ಬಿಟ್ಟು ಕದಲದ ಕಾರಣ ಯಾರೂ ಬಾಯಿ ಬಿಡಲಿಲ್ಲ.

“ನೋವೂ ಇದೆ, ಕಿವಿ ಮಂದವೂ ಆಗಿದೆ,” ಎಂದು ಡಾಕ್ಟರ್ ತೀರ್ಪು ಕೊಟ್ಟರು. “ಹತ್ತಿ ಕೊಡಿ. ಮತ್ತೆ, ಇವರಿಗೆ ಏನೇ ಹೇಳಿದ್ರೂ ಇನ್ನೂ ಜೋರಾಗಿ ಹೇಳಬೇಕು.”

ಸಂಜೆ ಅದೇ ದೋಣಿಯಲ್ಲಿ ಒಂದು ಮೂಟೆ ಹತ್ತಿಯೂ ಒಂದು ಮೈಕೂ ಅದರ ಬ್ಯಾಟರಿಯೂ ನಾಲ್ಕು ದೊಡ್ಡ ಹಾರ್ನುಗಳೂ ಬಂದವು. ಹಾರ್ನುಗಳನ್ನು ಶಾಲೆಯ ನಾಲ್ಕು ಮೂಲೆಗೆ ಕಟ್ಟಿದರು.

“ಜನರನ್ನು ಕೇಳಿಯೇ ಮಾಡಿದ ವ್ಯವಸ್ಥೆ ಇದು,” ಎಂದರು ಮೇಡಂ ಹೆಮ್ಮೆಯಿಂದ. “ಇನ್ನು ಹಾಲು ಬಂದದ್ದು ಯಾರಿಗೂ ತಪ್ಪಲ್ಲ. ಮೈಕು ನಿಮ್ಮ ಕೈಲೇ ಇರಲಿ ಕಂಡಕ್ಟರ್.”

ಅಂಗಳದಲ್ಲಿ ನೆರೆದ ಜನ ಚಪ್ಪಾಳೆ ತಟ್ಟಿದರು. ದರ್ಜಿಯ ಮುಖ ಸೂಜಿ ಚುಚ್ಚಿಸಿಕೊಳ್ಳಲು ನಿಂತವನ ಹಾಗಿತ್ತು. ಬಾಣಂತಿ ಮಗುವಿನ ಎರಡೂ ಕಿವಿ ಮುಚ್ಚಿ ನಿಂತಳು. ಕಂಡಕ್ಟರನಿಗೆ ಅದೊಂದೂ ಕಾಣಲಿಲ್ಲ. ಕಣ್ಣು ತುಂಬಿ ಬಂದಿತ್ತು. ಮೈಕು ಹಿಡಿದು ಗಂಟಲು ಸರಿಮಾಡಿಕೊಂಡ. ಆಗ ಎದುರಿಗೆ ಒಂದೇ ಜಡೆಯ ಮಗಳು ಕಂಡಳು. ಇಂಥ ದೊಡ್ಡ ಸಮಾರಂಭದಲ್ಲಿ ಕಂಡಕ್ಟರನ ಮಗಳು ಹೀಗಿದ್ದರೆ ಹೇಗೆ?

“ಒಂದು ನಿಮಿಷ,” ಎಂದ. ಆ ಒಂದು ನಿಮಿಷವೇ ನಾಲ್ಕು ಮೂಲೆಯಿಂದ ಗುಡುಗಿತು. ಜಗಲಿಯ ಬೆಂಚಿನ ಮೇಲೆ ಮೈಕನ್ನಿಟ್ಟು, ಪಕ್ಕದಲ್ಲಿ ಪುಟ್ಟಿಯನ್ನು ಕೂರಿಸಿಕೊಂಡು, ಜೇಬಿನಿಂದ ಬಾಚಣಿಗೆ ತೆಗೆದ.

ಪುಟ್ಟಿ ಸುತ್ತ ನೋಡಿದಳು. ಬಿಸ್ಕತ್ತಿನ ಅಜ್ಜಿ ದೂರದಲ್ಲಿದ್ದಳು. ರಿಬ್ಬನ್ನಿನ ದರ್ಜಿ ಇನ್ನೂ ದೂರದಲ್ಲಿದ್ದ. ತಡೆಯುವವರು ಯಾರೂ ಇರಲಿಲ್ಲ. ಅವಳ ಸಣ್ಣ ದನಿ ಅಂಗಳ ದಾಟಿ, ಅಡುಗೆಯ ಹೊಗೆ ದಾಟಿ, ನೀರಿನ ಮೇಲೆ ಆಚೆ ದಡದ ಎಮ್ಮೆಗಳವರೆಗೂ ಹೋಯಿತು.

“ಅಪ್ಪಾ, ನೀನು ಕೂಗ್ತೀಯ ಅಂತ ಎಲ್ಲರೂ ಕಿವಿಗೆ ಬಟ್ಟೆ ತುರುಕ್ಕೊಂಡಿದ್ದಾರಲ್ಲ, ಅಮ್ಮ ಒಬ್ಬಳೇ ಯಾಕೆ ಏನೂ ಇಟ್ಕೊಂಡಿಲ್ಲ?”