ಕಂಪ್ಯೂಟರಿನ ಕುರುಕಲು

ಕಂಪ್ಯೂಟರಿನ ಪರದೆಯ ಹಳೆಯ ಡೆಸ್ಕ್‌ಟಾಪ್ ತನ್ನ ಪಾಡಿಗೆ ತಾನು ಚೆನ್ನಾಗಿಯೇ ಇತ್ತು. ಅದನ್ನು ಕೆದಕಿದ್ದೇ ಲಿಯಾವ್ ಮಾಡಿದ ತಪ್ಪು.

ತೈವಾನಿನ ಡೊಲಿಯು ಪೇಟೆಯ ರೈತರ ಸಂಘದಲ್ಲಿ ಕಂಪ್ಯೂಟರುಗಳ ಉಸ್ತುವಾರಿ ಅವನದು. ಆ ಕಂಪ್ಯೂಟರುಗಳನ್ನು ನಡೆಸುವ ಲಿನಕ್ಸ್‌ಗೆ ಹೊಸ ವಿನ್ಯಾಸದ ಡೆಸ್ಕ್‌ಟಾಪ್ ಬಂದಿದೆ, ಯಾರೂ ಹೇಳಿಕೊಡದೆ ಎಲ್ಲರೂ ಕಲಿಯಬಹುದು ಎಂದು ಮ್ಯಾನೇಜರ್ ಝುವಾಂಗ್ ಮುಂದೆ ಬಡಾಯಿ ಕೊಚ್ಚಿದ್ದ.

"ಮಧ್ಯಾಹ್ನ ಬಂದು ನೋಡ್ತೀನಿ. ಸರಿಹೋದ್ರೆ ಇಡೀ ಕಚೇರಿಗೆ ಹಾಕು. ಇಲ್ದಿದ್ರೆ ನಾಳೆಯಿಂದ ನೀನು ಬೆಳ್ಳುಳ್ಳಿ ಗೋದಾಮಿಗೆ," ಎಂದಿದ್ದರು ಅವರು. ಆ ಗೋದಾಮಿನಲ್ಲಿ ದುಡಿಯುವವರನ್ನು ಹೆಂಡತಿಯರು ಹೊರಗೇ ಸ್ನಾನ ಮಾಡಿಸಿ ಮನೆಯೊಳಗೆ ಬಿಟ್ಟುಕೊಳ್ಳುತ್ತಿದ್ದರು.

ಬೆಳಿಗ್ಗೆ ಲಿಯಾವ್ ಒಂದು ಕಂಪ್ಯೂಟರಿಗೆ ಹೊಸದನ್ನು ಹಾಕಿದ. ಪರದೆ ತೊಳೆದಿಟ್ಟ ಬಟ್ಟಲಿನಂತೆ ಖಾಲಿ. ಕ್ಯಾಷಿಯರ್ ಯಾನ್ ಇಣುಕಿದ.

"ಎಲ್ಲಾ ಎಲ್ಲಿ ಹೋಯ್ತು ಮಾರಾಯ? ಕಳ್ಳರು ನುಗ್ಗಿದ್ರಾ?"

"ಇದೇ ಹೊಸ ವಿನ್ಯಾಸ ಕಣಯ್ಯಾ. ಬೇಡದ್ದು ಏನೂ ಕಾಣಲ್ಲ."

"ಬೇಕಾದ್ದೂ ಕಾಣ್ತಿಲ್ವಲ್ಲೋ!"

ಅಷ್ಟರಲ್ಲಿ ಠೇವಣಿ ವಿಭಾಗದ ಹಿರಿಯರು, ಬಾವ್‌ಜು ಅಕ್ಕ, ಜೋಳದ ಕುರುಕಲಿನ ಹಸಿರು ಪೊಟ್ಟಣ ಹಿಡಿದು ಬಂದರು. ಯಂತ್ರ ತಂಟೆ ಮಾಡದಿರಲಿ ಎಂದು, ಅದಕ್ಕೇ ಮೀಸಲಾಗಿ, ಅದರ ತಲೆಯ ಮೇಲೆ ಹಸಿರು ಪೊಟ್ಟಣ ಇಡದ ಕಚೇರಿ ತೈವಾನಿನಲ್ಲಿ ಹುಡುಕಿದರೂ ಸಿಕ್ಕುವುದು ಕಷ್ಟ. ಈ ತೆಳ್ಳನೆಯ ಕಂಪ್ಯೂಟರಿಗೆ ತಲೆಯೇ ಇರಲಿಲ್ಲ. ಅಕ್ಕ ಪೊಟ್ಟಣವನ್ನು ಕೀಬೋರ್ಡಿನ ಮೂಲೆಗೆ ಒರಗಿಸಿ ಕೈಮುಗಿದರು.

ಅಲ್ಲಿಂದ ಶುರುವಾಯಿತು ಗ್ರಹಚಾರ. ಲಿಯಾವ್ ಸಾಲದ ಅರ್ಜಿ ತೆರೆದರೆ ಸಾಕು, ಅದು ಅಂಚೆಚೀಟಿಯಷ್ಟಾಗಿ ಪರದೆಯ ನಡುವೆ ಕುಗ್ಗಿ ಕೂರುತ್ತಿತ್ತು. ದೊಡ್ಡದು ಮಾಡಿದರೆ ಮತ್ತೆ ಕುಗ್ಗುತ್ತಿತ್ತು.

"ಪಾಪ, ಅದಕ್ಕೆ ಸೆಕೆ," ಎಂದು ಅಕ್ಕ ಅತ್ತಿತ್ತ ತಿರುಗುವ ಟೇಬಲ್ ಫ್ಯಾನನ್ನು ಜೋರು ಮಾಡಿದರು. ಈಗ ಪರದೆಯ ಮೇಲೆ ತೆರೆದಿದ್ದ ಕಿಟಕಿಗಳೆಲ್ಲ ಬಾಣಲೆಯ ಕಡಲೆಯಂತೆ ಸಿಡಿಯತೊಡಗಿದವು.

"ಯಾವ ಪುಣ್ಯಾತ್ಮ ಮಾಡಿದ್ನೋ ಈ ವಿನ್ಯಾಸಾನ! ಅವನ ಕೈಗೆ ಕರಿನಾಗರ ಕಚ್ಚ!" ಎಂದು ಲಿಯಾವ್ ಹಲ್ಲು ಕಡಿದ. ಮಧ್ಯಾಹ್ನದ ಊಟ ಮುಗಿಸಿ, ಅಲ್ಲಿನ ಕಚೇರಿಗಳ ರೂಢಿಯಂತೆ, ಎಲ್ಲರೂ ದೀಪ ಆರಿಸಿ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋದಾಗಲೂ ಅವನೊಬ್ಬ ಕಣ್ಣು ಕೆಂಪಗೆ ಮಾಡಿಕೊಂಡು ಒದ್ದಾಡುತ್ತಿದ್ದ. ಅವನಿಗೆ ಆಗಲೇ ಬೆಳ್ಳುಳ್ಳಿ ವಾಸನೆ ಬಡಿಯುತ್ತಿತ್ತು.

ಝುವಾಂಗ್ ಬಂದರು. ಕಿಟಕಿಗಳು ಕುಣಿದವು.

"ಏನೋ ಇದು, ಕಂಪ್ಯೂಟರೋ, ದೆವ್ವ ಹೊಕ್ಕ ಪೆಟ್ಟಿಗೆಯೋ?"

ಲಿಯಾವ್ ಕೀಬೋರ್ಡಿನತ್ತ ಬಗ್ಗಿದ. ಫ್ಯಾನ್ ಇತ್ತ ತಿರುಗಿತ್ತು. ಗಾಳಿಗೆ ಪೊಟ್ಟಣ ತಲೆಯಾಡಿಸಿ ಮೂಲೆಯ ಒಂದು ಕೀಯನ್ನು ಕುಟ್ಟಿತು. ಕಿಟಕಿಗಳು ಕುಗ್ಗಿದವು. ಫ್ಯಾನ್ ಅತ್ತ ಹೋಗಿ ಬಂತು. ಪೊಟ್ಟಣ ಮತ್ತೆ ಕುಟ್ಟಿತು. ಕಿಟಕಿಗಳನ್ನೆಲ್ಲ ಕುಗ್ಗಿಸಿ ಒಟ್ಟಿಗೆ ತೋರಿಸುವ ಕೀ ಅದೇ.

"ಇದು! ಬೆಳಗ್ಗೆಯಿಂದ ನನ್ನ ರಕ್ತ ಹೀರಿದ್ದು ಇದು!" ಲಿಯಾವ್ ಪೊಟ್ಟಣ ಕಿತ್ತುಕೊಂಡು ಪರ್ರನೆ ಹರಿದ. ಸೇಡು ತೀರದೆ ಒಂದು ಮುಷ್ಟಿ ಬಾಯಿಗೆ ತುಂಬಿಕೊಂಡು ಕರಕರ ಅಗಿದ. "ಈಗ ನೋಡಿ ಸಾರ್!"

ಅರ್ಜಿ ತೆರೆಯಿತು, ನಿಂತಿತು, ಅಚ್ಚಾಗಿ ಹೊರಬಂತು. ಲಿಯಾವ್ ಗೆದ್ದವನಂತೆ ತಿರುಗಿದ.

ಯಾರೂ ಪರದೆ ನೋಡುತ್ತಿರಲಿಲ್ಲ. ಅಕ್ಕ ಬಾಯಿಗೆ ಕೈ ಇಟ್ಟುಕೊಂಡಿದ್ದರು. ಯಾನ್ ಹಿಂದೆ ಸರಿದಿದ್ದ.

"ಅಯ್ಯೋ, ಯಂತ್ರದ್ದನ್ನ ತಿಂದುಬಿಟ್ನಲ್ಲಾ!" ಎಂದರು ಅಕ್ಕ.

ಝುವಾಂಗ್ ನಿಟ್ಟುಸಿರಿಟ್ಟರು. "ಡೆಸ್ಕ್‌ಟಾಪ್ ಚೆನ್ನಾಗಿದೆ. ಎಲ್ಲದಕ್ಕೂ ಇದನ್ನೇ ಹಾಕೋಣ. ಆದ್ರೆ ಯಂತ್ರದ ಬಾಯಿಂದ ಕಿತ್ತು ತಿನ್ನೋನ ಕೈಗೆ ಯಂತ್ರಗಳನ್ನ ಹೇಗಪ್ಪಾ ಒಪ್ಪಿಸೋದು?"

"ಸಾರ್, ಅದು ಬರೀ ಕುರುಕಲು ಸಾರ್!"

"ತಿನ್ನೋಕೆ ಗೋದಾಮಲ್ಲಿ ಬೆಳ್ಳುಳ್ಳಿ ಬೇಕಾದಷ್ಟಿದೆ."

ವರ್ಗಾವಣೆಯ ಆದೇಶವನ್ನು ಬಾವ್‌ಜು ಅಕ್ಕನೇ ಹೊಸ ಡೆಸ್ಕ್‌ಟಾಪ್‌ನಲ್ಲಿ ಟೈಪ್ ಮಾಡಿ, ಮೊದಲ ಸಲಕ್ಕೇ ಅಚ್ಚು ತೆಗೆದರು. ಯಾರೂ ಹೇಳಿಕೊಡಬೇಕಾಗಲಿಲ್ಲ.