ಇರುವೆ ಮುತ್ತಿದ ಎಂಜಿನ್

ಹೋಳಿಗೆ ಊಟ ಆದಮೇಲೆ ಮನುಷ್ಯ ಬಾಯಿ ಮುಚ್ಚಿಕೊಂಡಿರಬೇಕು. ಮಕ್ತಲ್ ತಹಸೀಲು ಕಚೇರಿಯ ಗುಮಾಸ್ತ ಪ್ರಾಣೇಶನಿಗೆ ಅದು ತಿಳಿದಿರಲಿಲ್ಲ. ಮಗನ ನಾಮಕರಣದ ದಿನ ಗದ್ವಾಲದ ಮಾವನ ಮನೆಯಲ್ಲಿ, ಹತ್ತು ಜನರ ಮುಂದೆ, "ನನ್ನ ಮಗ ನಮ್ಮನೀಗೆ ಬಂದ್ರ ನನ್ನ ಸ್ವಂತ ಕಾರಿನಾಗ ಬರ್ತಾನ" ಎಂದುಬಿಟ್ಟಿದ್ದ. ಮಾವ ಸುಜಯೀಂದ್ರಾಚಾರ್ಯರು ಆ ಮಾತನ್ನು ಗಂಟು ಹಾಕಿ ಇಟ್ಟುಕೊಂಡಿದ್ದರು.

ಇವತ್ತು ದೀಪ ಹಚ್ಚುವುದರೊಳಗೆ ಬಾಣಂತಿ, ಕೂಸು ಮಕ್ತಲ್‌ನ ಮನೆಯ ಹೊಸ್ತಿಲು ದಾಟಬೇಕಿತ್ತು. ನಾಳೆಯಿಂದ ಆಷಾಢ. ತಪ್ಪಿದರೆ ಇಡೀ ತಿಂಗಳು ಕಾಯಬೇಕು. ಮಗನ ಮುಖವನ್ನು ಫೋನಿನಲ್ಲೇ ನೋಡಿ ನೋಡಿ ಪ್ರಾಣೇಶನಿಗೆ ಸಾಕಾಗಿತ್ತು.

ಕಾರಿಗೆ ಹದಿನೆಂಟು ವರ್ಷ. ಆದರೂ ಎದುರು ಗ್ಯಾರೇಜಿನ ಭೀಮಯ್ಯ ಹೋದ ವಾರವಷ್ಟೇ ಆಯಿಲ್ ಬದಲಿಸಿದ್ದ. ಪ್ರಾಣೇಶನ ತಾಯಿ ರಾಧಾಬಾಯಿ ಕಟ್ಟೆಯ ಮೇಲೆ ನಿಂತು ಅದನ್ನೆಲ್ಲ ಕಣ್ತುಂಬ ನೋಡಿದ್ದರು. ಹಾಗಾಗಿ ಬೆಳಿಗ್ಗೆ ಪ್ರಾಣೇಶ ಧೈರ್ಯದಿಂದಲೇ ಚಾವಿ ತಿರುಗಿಸಿದ. ಕಾರು ದಮ್ಮು ಹತ್ತಿದ ಮುದುಕನಂತೆ ಕೆಮ್ಮಿ, ಹಿಂದಿನಿಂದ ಬೆಳ್ಳಗೆ ಹೊಗೆ ಬಿಟ್ಟಿತು.

"ಬಂದ್ ಮಾಡ್ರೀ ಆಚಾರ್ರ, ಬಂದ್ ಮಾಡ್ರೀ!" ಎಂದು ಪಕ್ಕದ ಮನೆಯ ನಾಗಪ್ಪ ಓಡಿ ಬಂದ. ಮೂವತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದವನು. ಕೆಟ್ಟ ಗಾಡಿ ಕಂಡರೆ ಅವನಿಗೆ ಮದುವೆ ಮನೆ ಕಂಡಷ್ಟು ಹುರುಪು. ಬಾನೆಟ್ ಎತ್ತಿ, ಆಯಿಲ್ ಅಳೆಯುವ ಕಡ್ಡಿ ಎಳೆದು ಎತ್ತಿ ಹಿಡಿದ. ಕಡ್ಡಿಯ ತುದಿಯಲ್ಲಿ ಕಪ್ಪು ಆಯಿಲ್ ಇರಲಿಲ್ಲ, ಮಜ್ಜಿಗೆಯಂಥದ್ದು ಏನೋ ಇತ್ತು.

"ಎಂಜಿನ್ ಹೋತ್ರೀ. ಹೆಡ್ ಗ್ಯಾಸ್ಕೆಟ್ ಸುಟ್ಟು, ರೇಡಿಯೇಟರ್ ನೀರು ಆಯಿಲಿನಾಗ ಕೂಡೈತಿ. ಬಿಳೇ ಹೊಗಿ, ಬಿಳೇ ಆಯಿಲ್. ಇನ್ನೇನ್ ಬೇಕು?"

ಪ್ರಾಣೇಶ ರೇಡಿಯೇಟರ್ ಮುಚ್ಚಳ ತೆಗೆದು ನೋಡಿದ. "ನೀರು ತುಂಬೇ ಅದಲ್ಲೋ ನಾಗಪ್ಪಾ?"

"ಅದ ನೋಡ್ರಿ ಅಪಾಯ! ಹೊರಗ ಕಾಣಂಗಿಲ್ಲ, ಒಳಗಿಂದೊಳಗ ತಿನತೈತಿ."

ಅಷ್ಟರಲ್ಲಿ ಬೀಜದ ಅಂಗಡಿಯ ಶರಣಯ್ಯನೂ ಬಂದು ಬಗ್ಗಿದ. "ಇಷ್ಟು ಇರುವಿ ಯಾಕ ಹತ್ಯಾವ್ರೀ?"

"ಸಾಯೋ ಎಂಜಿನ್ ಮೊದಲ ಇರುವಿಗೇ ಗೊತ್ತಾಗತೈತಿ," ಎಂದ ನಾಗಪ್ಪ.

ಪ್ರಾಣೇಶನೂ ಬಗ್ಗಿ ಮೂಸಿದ. ಸುಟ್ಟ ಎಂಜಿನ್ನಿನಿಂದ ಕಾಸಿದ ತುಪ್ಪದ ವಾಸನೆ ಬರುತ್ತದೆಂದು ಅವನು ಎಲ್ಲೂ ಕೇಳಿರಲಿಲ್ಲ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಹಸಿವಿಗೆ ಹಾಗನಿಸುತ್ತಿರಬೇಕು ಎಂದುಕೊಂಡ.

ಮಡಿಸೀರೆಯುಟ್ಟ ರಾಧಾಬಾಯಿ ಬಾಗಿಲಲ್ಲಿ ನಿಂತು, "ಏನೂ ಆಗೂದಿಲ್ಲ ಪ್ರಾಣೇಶ. ಹೊತ್ತು ಹುಟ್ಟೂದ್ರಾಗ ನಾನು ಎಲ್ಲಾ ಮಾಡೀನಿ" ಎಂದರು.

"ಅಮ್ಮಾರೇ, ನೀವು ಪೂಜಿ ನೋಡ್ಕೊಳ್ರಿ, ಎಂಜಿನ್ ನಾವು ನೋಡ್ತೀವಿ," ಎಂದ ನಾಗಪ್ಪ. ರಾಧಾಬಾಯಿ ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋದರು.

ಭೀಮಯ್ಯ ಬಂದು, ಬಾನೆಟ್ಟಿಗೆ ಕಿವಿಯಿಟ್ಟು, ಕಡ್ಡಿ ನೋಡಿ, ನಿಟ್ಟುಸಿರು ಬಿಟ್ಟ. ಕೆಟ್ಟ ಸುದ್ದಿಯನ್ನು ಅವನು ಯಾವಾಗಲೂ ತೆಲುಗಿನಲ್ಲೇ ಹೇಳುತ್ತಿದ್ದ. "ಅಯಿಪೋಯಿಂದಿ ಅಣ್ಣಾ." ಅಂದರೆ, ಮುಗಿದೇ ಹೋಯಿತು.

"ರಿಪೇರಿ ಆಗೂದಿಲ್ಲೇನು?"

"ಬಿಚ್ಚಿ, ಹೆಡ್ ಹೈದರಾಬಾದಿಗೆ ಕಳಿಸಿ ತರಸಾಕ ಎಂಟು ದಿನ. ಬ್ಲಾಕ್ ಬಿರುಕು ಬಿಟ್ಟಿದ್ರ ಆ ಎಂಟು ದಿನಾನೂ ದಂಡ. ಹದಿನೆಂಟು ವರ್ಷದ ಎಂಜಿನ್ನಿಗೆ ರಿಪೇರಿ ಅಂದ್ರ ಸತ್ತವಗ ಸಲಾಯಿನ್ ಹಚ್ಚಿದಂಗ. ಧರೂರು ಹತ್ರ ಬೇವಿನ ಗಿಡಕ್ಕ ಬಡಿದ ಇಂಥಾದ ಗಾಡೀದೊಂದು ಎಂಜಿನ್ ನನ್ನ ಹತ್ರ ಐತಿ. ಸಂಜಿ ನಾಕಕ್ಕ ಕೂಡಿಸಿಕೊಡ್ತೀನಿ."

"ಒಂದು ವೇಳೆ ನಮ್ಮ ಎಂಜಿನ್ ಹೋಗಿಲ್ಲಂದ್ರ?"

"ಹೋಗಿಲ್ಲಂದ್ರ ಆಯಿಲ್ ಬೆಳ್ಳಗ ಯಾಕಾತು, ಹೇಳ್ರಿ?"

ತೊಟ್ಟಿಲಿಗೆಂದು ಎತ್ತಿಟ್ಟಿದ್ದ ದುಡ್ಡು ಭೀಮಯ್ಯನ ಕೈ ಸೇರಿತು. ಕಾರನ್ನು ಗ್ಯಾರೇಜಿಗೆ ನೂಕಿದರು. ಮಧ್ಯಾಹ್ನದ ಹೊತ್ತಿಗೆ ಹಳೇ ಎಂಜಿನ್ ಗುಜರಿ ಟೆಂಪೋ ಹತ್ತಿ ರಾಯಚೂರಿಗೆ ಹೊರಟಿತು. ಇರುವೆಗಳೂ ಅದರೊಡನೆ ಹೋದವು.

ಮಾವನ ಫೋನು ಮೂರು ಸಲ ಬಂತು. "ಕಾರು ಅದನೋ, ಇಲ್ಲೋ? ಬಸ್ಸು, ಬಾಡಿಗಿ ಗಾಡಿ ತಂದ್ರ ಕಳಿಸೂದಿಲ್ಲ ನೋಡ್ರಿ. ಮಾತು ನಿಮ್ಮದ."

ನಾಲ್ಕಕ್ಕೆ ಸರಿಯಾಗಿ ಭೀಮಯ್ಯ ಕಾರನ್ನು ಮನೆ ಮುಂದೆ ತಂದು ನಿಲ್ಲಿಸಿದ. ಹೊಸ ಎಂಜಿನ್ ಬೆಕ್ಕಿನಂತೆ ಗುರುಗುಟ್ಟುತ್ತಿತ್ತು. ಪ್ರಾಣೇಶನ ಕಣ್ಣಲ್ಲಿ ನೀರೇ ಬಂತು. ಭೀಮಯ್ಯನಿಗೆ ಕೈಗೂಡಿಸುವಾಗ ಮೈಗೆಲ್ಲ ಮೆತ್ತಿದ್ದ ಗ್ರೀಸು ತೊಳೆಯಲು ಸ್ನಾನಕ್ಕೆ ಓಡಿದ. ಹೊಸ ಅಂಗಿ ತೊಟ್ಟು ಹೊರಗೆ ಬಂದವನು, ಸೀಟಿನ ಮೇಲೆ ಕೂಸಿನ ಕುಲಾವಿ ಇಟ್ಟು, ಚಾವಿ ತಿರುಗಿಸಿದ.

ಕಾರು ಕೆಮ್ಮಿತು. ಹಿಂದಿನಿಂದ ಬೆಳ್ಳಗೆ ಹೊಗೆ ಬಂತು.

ಭೀಮಯ್ಯ ಎದುರಿನಿಂದ ಓಡಿ ಬಂದು ಕಡ್ಡಿ ಎಳೆದ. ಮಜ್ಜಿಗೆ. ಹಿಂದೆಯೇ ಬಂದ ನಾಗಪ್ಪ ಮೆಲ್ಲಗೆ ಎರಡು ಹೆಜ್ಜೆ ಹಿಂದೆ ಸರಿದ. ಭೀಮಯ್ಯ ಕಡ್ಡಿಯನ್ನು ಮೂಸಿದ, ಆಮೇಲೆ ನಾಲಿಗೆಯ ತುದಿಗೆ ಮುಟ್ಟಿಸಿದ.

"ಅಣ್ಣಾ, ಸಿಹಿ ಐತಿ."

ಬಾಗಿಲಲ್ಲಿ ರಾಧಾಬಾಯಿ ಖಾಲಿ ಬೆಳ್ಳಿ ಬಟ್ಟಲು ಹಿಡಿದು ನಗುತ್ತ ನಿಂತಿದ್ದರು. "ಮೊಮ್ಮಗ ಮೊದಲನೇ ಸಲ ಕೂಡೋ ಗಾಡಿ. ಬೆಳಿಗ್ಗೆ ನೀನು ಏಳೂದಕ್ಕಿಂತ ಮೊದಲ, ಭೀಮಯ್ಯ ಎಣ್ಣಿ ಹೊಯ್ದ ಬಾಯಾಗ ಪಂಚಾಮೃತ ಅಭಿಷೇಕ ಮಾಡಿದ್ದೆ. ನೀವು ಆ ಎಂಜಿನ್ನ ಕಳಿಸಿಬಿಟ್ರಿ. ಹೊಸಾದು ಹಂಗ ಇರ್ಬಾರ್ದಂತ ಈಗ ಇದಕ್ಕೂ ಮಾಡಿದೆ. ಒಂದು ಹನಿ ಉಳಿಸಿಲ್ಲ!"

ಭೀಮಯ್ಯ ನೆಲ ನೋಡುತ್ತ, "ಹಂಗಾದ್ರ ಹಳೇ ಎಂಜಿನ್ನಿಗೆ ಏನೂ ಆಗಿದ್ದಿಲ್ಲ. ತೊಳದು ಆಯಿಲ್ ಬದಲಿಸಿದ್ರ ಮುಗೀತಿತ್ತು" ಎಂದ.

"ಇದಕ್ಕ ಈಗ ಎಷ್ಟು ಹೊತ್ತು ಬೇಕೋ?" ಎಂದ ಪ್ರಾಣೇಶ.

"ಎರಡು ತಾಸು."

ಗದ್ವಾಲಕ್ಕೆ ಹೋಗಿ ಬರಲು ಮತ್ತೆರಡು ತಾಸು. ಅಷ್ಟೊತ್ತಿಗೆ ಊರೆಲ್ಲ ದೀಪ ಹಚ್ಚಿ, ಊಟ ಮಾಡಿ ಮಲಗಿರುತ್ತದೆ. ಪ್ರಾಣೇಶನಿಗೆ ತಾಯಿಯ ಮೇಲೆ ಸಿಟ್ಟು ಮಾಡಬೇಕೋ, ಕಾಲಿಗೆ ಬೀಳಬೇಕೋ ತಿಳಿಯಲಿಲ್ಲ.

ಫೋನು ಗುಣುಗುಟ್ಟಿತು. ಹೆಂಡತಿ ವಸುಧಾ. "ರೀ, ಹೊಂಟ್ರೇನು? ಕೂಸಿಗೆ ಅಂಗಿ ಹಾಕಿ ಕೂತೀನಿ."

ಪ್ರಾಣೇಶ ಬಾನೆಟ್ಟಿನ ಕಡೆ ನೋಡಿದ. ಮೊದಲ ಇರುವೆ ಆಗಲೇ ಚಕ್ರದ ಮೇಲೆ ಹತ್ತುತ್ತಿತ್ತು.

"ವಸುಧಾ," ಎಂದ, "ಆಷಾಢ ಎಷ್ಟು ದಿನ ಇರ್ತದ?"