ನಾರ್ಬರ್ಟನ ಬೋನಸ್ಸೂ ಬೀದಿಯ ಬಾವುಟವೂ

ನಾರ್ಬರ್ಟ್ ಸಡೋವ್ಸ್ಕಿ ಮನೆಯ ಮುಂದೆ ನಿಂತು ಟಪಾಲು ಡಬ್ಬಿಯ ಕಂಬಕ್ಕೆ ಸುತ್ತಿಗೆಯಿಂದ ಹೊಡೆಯುತ್ತಿದ್ದ. ಚಳಿಗಾಲದಲ್ಲಿ ಹಿಮ ತಳ್ಳುವ ಲಾರಿ ಗುದ್ದಿಹೋದ ಮೇಲೆ ಕಂಬ ಕುಡಿದವನ ಹಾಗೆ ರಸ್ತೆಯ ಕಡೆಗೆ ವಾಲಿತ್ತು. ಒಂದೊಂದು ಏಟಿಗೂ ಡಬ್ಬಿಯ ಪಕ್ಕದ ಪುಟ್ಟ ಕೆಂಪು ಬಾವುಟ ಬೆಚ್ಚಿಬಿದ್ದು ಕೆಳಗಾಗುತ್ತಿತ್ತು. ಅವನು ಮತ್ತೆ ಎತ್ತಿ ನಿಲ್ಲಿಸುತ್ತಿದ್ದ.

ಬಾವುಟ ಮೇಲಿದ್ದರೆ ಒಳಗೆ ಕಾಗದ ಇದೆ, ಟಪಾಲಿನವಳು ಒಯ್ಯಬಹುದು ಎಂದರ್ಥ. ಕಾಗದ ಇದ್ದದ್ದು ನಿಜ. ಎಂಟು ದಿನದಿಂದ ಇತ್ತು.

ಆಗಿದ್ದು ಇಷ್ಟು. ಅವನು ಕೆಲಸಕ್ಕಿದ್ದ ಗ್ರೇಹೆರಾನ್ ವಿಮಾ ಕಂಪನಿ ಮುಳುಗಿತು. ಸರ್ಕಾರ ಜನರ ದುಡ್ಡು ಸುರಿದು ಅದನ್ನು ಎತ್ತಿ ನಿಲ್ಲಿಸಿತು. ನಿಂತ ಮೇಲೆ ಕಂಪನಿ ಮಾಡಿದ ಮೊದಲ ಕೆಲಸ ಅಂದರೆ, ಬಿಟ್ಟುಹೋಗಬೇಡಿ ಎಂದು ನೌಕರರಿಗೆಲ್ಲ ಬೋನಸ್ಸು ಹಂಚಿದ್ದು! ದೇಶಕ್ಕೆ ದೇಶವೇ ಕೆಂಡವಾಯಿತು. ಆ ಬೋನಸ್ಸಿನ ಮೇಲೆ ನೂರಕ್ಕೆ ತೊಂಬತ್ತು ತೆರಿಗೆ ಹಾಕಬೇಕೆಂದು ವಾಷಿಂಗ್ಟನ್ನಿನ ಕೆಳಮನೆಯವರು ತರಾತುರಿಯಲ್ಲಿ ಮಸೂದೆ ಪಾಸು ಮಾಡಿದರು. ಕಂಪನಿಯ ದೊಡ್ಡವರು ಹೆದರಿ, ಮನಸ್ಸಿದ್ದವರು ಹಿಂದಿರುಗಿಸಿ ಎಂದು ಸುತ್ತೋಲೆ ಕಳಿಸಿದರು.

ನಾರ್ಬರ್ಟ್ ದೊಡ್ಡವನಲ್ಲ. ನೆಲಮಾಳಿಗೆಯಲ್ಲಿ ಹಳೆಯ ಪಾಲಿಸಿಗಳ ಪೆಟ್ಟಿಗೆ ಕಾಯುವವನು. ಯಾವ ಪೆಟ್ಟಿಗೆ ಎಲ್ಲಿದೆ ಅನ್ನುವುದು ಅವನಿಗೆ, ಅವನ ಜೊತೆಗಾರ ಫ್ರಿಟ್ಜ್‌ಗೆ ಬಿಟ್ಟರೆ ಇಲಿಗಳಿಗೆ ಮಾತ್ರ ಗೊತ್ತು. ಅವನಿಗೆ ಬಂದ ಬೋನಸ್ಸು ಸಾವಿರದ ನೂರು ಡಾಲರ್. ನಿವೃತ್ತಿಗೆ ಹದಿನಾಲ್ಕು ತಿಂಗಳಿತ್ತು. ಅಲ್ಲಿಯವರೆಗೆ ಆ ನೆಲಮಾಳಿಗೆಯಲ್ಲಿ ಯಾರ ಕಣ್ಣಿಗೂ ಬೀಳದೆ ಕೂತಿದ್ದು, ಪೂರ್ತಿ ಪಿಂಚಣಿ ಹಿಡಿದು ಮನೆಗೆ ಬಂದರೆ ಸಾಕು ಅನ್ನುವುದೊಂದೇ ಅವನ ಆಸೆ.

ಆದರೆ ಬೀದಿಯವರು ಬಿಡಬೇಕಲ್ಲ. ಅವನಿಗೂ ಲಕ್ಷಗಟ್ಟಲೆ ಬಂದಿದೆ ಎಂದುಕೊಂಡು ಕಂಡಲ್ಲೆಲ್ಲ ಬೈಯುತ್ತಿದ್ದರು. ಅದಕ್ಕೇ ಅವನು ಕಂಪನಿಗೆ ಚೆಕ್ಕಿನ ಸಮೇತ ಕಾಗದ ಬರೆದು ಡಬ್ಬಿಯಲ್ಲಿಟ್ಟ. ದಿನಾ ಎಂಟಕ್ಕೆ ಅವನು ಬಾವುಟ ಎತ್ತುವುದು, ಒಂಬತ್ತಕ್ಕೆ ಹೆಂಡತಿ ಲೊರೇನ್ ಬಂದು ಇಳಿಸುವುದು. "ಮೊದಲು ಬಾಯ್ಲರ್ ರಿಪೇರಿ, ಆಮೇಲೆ ನಿನ್ನ ಮರ್ಯಾದೆ," ಅನ್ನುತ್ತಿದ್ದಳು.

"ಏನಪ್ಪಾ ನಾರ್ಬರ್ಟ್, ಅದೇನು ಬಾವುಟಾನೋ, ಕುಪ್ಪಳಿಸೋ ಕಪ್ಪೆಯೋ?" ಎದುರು ಮನೆಯ ಟ್ವಿಚೆಲ್ ಮೇಡಂ ರಸ್ತೆ ದಾಟಿ ಬಂದರು. ಅವರು ನಿವೃತ್ತ ಟೀಚರು. ಕೊರಳಲ್ಲಿ ಹಕ್ಕಿ ನೋಡುವ ದುರ್ಬೀನು. ಆ ವಾರ ಅವರು ಒಂದು ಹಕ್ಕಿಯನ್ನೂ ನೋಡಿರಲಿಲ್ಲ. "ಸೋಮವಾರ ಎಂಟೂ ಹತ್ತಕ್ಕೆ ಮೇಲೆ, ಒಂಬತ್ತೂ ಕಾಲಿಗೆ ಕೆಳಗೆ. ಮಂಗಳವಾರವೂ ಅದೇ. ಬರೆದಿಟ್ಟಿದೀನಿ."

"ಇವತ್ತು ಹೋಗುತ್ತೆ ಮೇಡಂ."

ಅಷ್ಟರಲ್ಲಿ ಕೊಳಾಯಿ ಕೆಲಸದ ಡಾಮೆನಿಕ್ ವ್ಯಾನು ನಿಲ್ಲಿಸಿ ಕಿಟಕಿಯಿಂದ ತಲೆ ಹಾಕಿದ. "ಲೋ ನಾರ್ಬರ್ಟ್! ಇನ್ನೂ ಕಳಿಸಿಲ್ವೇನೋ? ಹಡಗು ಮುಳುಗಿಸಿದ ಕ್ಯಾಪ್ಟನ್‌ಗೆ ಚೆನ್ನಾಗಿ ಈಜಿದೆ ಅಂತ ಬಹುಮಾನ ಕೊಟ್ಟಂಗಾಯ್ತು ನಿಮ್ಮ ಕಂಪನಿ ಕತೆ. ತೊಂಬತ್ತು ಪರ್ಸೆಂಟ್ ಎಲ್ಲಿ ಸಾಕು? ನೂರಾ ಹತ್ತು ಹಾಕ್ಬೇಕು!"

"ನೂರಾ ಹತ್ತು ಎಲ್ಲಿಂದ ಬರುತ್ತೆ ಡಾಮೆನಿಕ್? ಐದನೇ ಕ್ಲಾಸಲ್ಲೇ ನಿನಗೆ ಹೇಳಿದ್ದೆ," ಅಂದರು ಮೇಡಂ.

"ಮನೆಯಿಂದ ತಂದು ಕಟ್ಟಲಿ ಮೇಡಂ!"

ನಾರ್ಬರ್ಟನಿಗೆ ರೇಗಿಹೋಯಿತು. ಸುತ್ತಿಗೆ ಕೆಳಗೆ ಹಾಕಿ, "ಕಳಿಸ್ತೀನ್ರೀ! ಇವತ್ತೇ ಕಳಿಸ್ತೀನಿ! ಪೂರ್ತಿ! ವಾಷಿಂಗ್ಟನ್ನಿಗೇ ಹೋಗಿ ಸೇರಲಿ!" ಅಂದ.

ಚಪ್ಪಾಳೆ ಬರಬೇಕಿತ್ತು. ಬರಲಿಲ್ಲ. ಮೇಡಂ ಡಾಮೆನಿಕ್ಕನ ಮುಖ ನೋಡಿದರು. ಡಾಮೆನಿಕ್ ವ್ಯಾನಿನ ಎಂಜಿನ್ ಆರಿಸಿದ.

"ವಾಷಿಂಗ್ಟನ್ನಿಗಾ?"

"ಮತ್ತಿನ್ನೆಲ್ಲಿಗೆ? ಕಂಪನಿ ಮೂಲಕ ಸರ್ಕಾರದ ಖಜಾನೆಗೆ."

"ಅಲ್ಲ ಕಣೋ, ಅಲ್ಲಿಗೆ ಹೋದದ್ದು ಈ ಬೀದಿಗೆ ವಾಪಸು ಬರುತ್ತಾ?" ಡಾಮೆನಿಕ್ ಇಳಿದು ಬಂದು ಅವನ ಹೆಗಲ ಮೇಲೆ ಕೈಹಾಕಿದ. ದನಿ ಬೆಣ್ಣೆಯಾಗಿತ್ತು. "ನಿನಗೆ ಹೊಸ ಬಾಯ್ಲರ್ ಬೇಕು. ಎರಡು ಬಚ್ಚಲುಮನೆ, ಒಂದರಲ್ಲಿ ಬಿಸಿನೀರಿನ ತೊಟ್ಟಿ. ಆ ದುಡ್ಡು ನನ್ನ ಕೈಗೆ ಬಂದರೆ ಜನರ ಕೈಗೆ ಬಂದಂಗೇ ಅಲ್ವಾ? ನಾನೇನು ಜನ ಅಲ್ವಾ?"

"ಲೈಬ್ರರಿ ಚಾವಣಿ ಸೋರ್ತಾ ಇದೆ," ಅಂದರು ಮೇಡಂ. "ತೊಂಬತ್ತು ಅವರು ಕೇಳ್ತಾರೆ. ನಾನು ಬರೀ ಅರವತ್ತು ಕೇಳ್ತೀನಿ." ಹಾಗನ್ನುತ್ತಲೇ ಒಂದು ಬೆರಳಿನಿಂದ ಬಾವುಟವನ್ನು ಮೆಲ್ಲಗೆ ಕೆಳಗೆ ಮಾಡಿದರು.

ನಾರ್ಬರ್ಟ್ ಎತ್ತಿದ. ಡಾಮೆನಿಕ್ ಇಳಿಸಿದ.

ಹನ್ನೊಂದರ ಹೊತ್ತಿಗೆ ಸುದ್ದಿ ಬೀದಿಯ ಎರಡೂ ತುದಿ ಮುಟ್ಟಿತ್ತು. ಬೆಂಕಿ ಆರಿಸುವ ಸ್ವಯಂಸೇವಕರ ದಳದಿಂದ ಇಬ್ಬರು ಬಂದು, ತಮ್ಮ ನೀರಿನ ಪೈಪು ಜಾಲರಿಯಾಗಿದೆ ಎಂದು ತೂತು ತೋರಿಸಿದರು. ಯಾರೋ ಡೋನಟ್ಟಿನ ಪೆಟ್ಟಿಗೆ ತಂದರು. ಯಾರೋ ಮಡಿಸುವ ಕುರ್ಚಿ ತಂದು, "ಕೂತ್ಕೊಳ್ಳಿ ನಾರ್ಬರ್ಟ್, ಎಷ್ಟೊತ್ತು ನಿಂತಿರ್ತೀರಿ," ಅಂದರು. ನಿನ್ನೆಯವರೆಗೆ ಅವನನ್ನು ಕಳ್ಳ ಎಂದವರೇ ಇಂದು ಬಹುವಚನಕ್ಕೆ ಬಡ್ತಿ ಕೊಟ್ಟಿದ್ದರು.

ನಾರ್ಬರ್ಟ್ ಕೂತ. ಮೂವತ್ತೊಂದು ವರ್ಷ ಆ ಬೀದಿಯಲ್ಲಿದ್ದರೂ ಒಬ್ಬರೂ ಅವನಿಗೆ ಕುರ್ಚಿ ಹಾಕಿದ್ದಿಲ್ಲ. ಸಾವಿರದ ನೂರು ಡಾಲರ್ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದರ ಮೇಲೆ ಅರ್ಧ ಡೋನಟ್ ಇಟ್ಟು ನುಂಗಿಬಿಟ್ಟ. "ನೋಡೋಣ," ಅಂದ, ಲಕ್ಷಾಧೀಶರು ಅನ್ನುವ ಹಾಗೆ. "ಲೈಬ್ರರಿ ವಿಷಯ ನೋಡೋಣ."

"ನಾರ್ಬರ್ಟ್! ಫ್ರಿಟ್ಜ್ ಫೋನು!" ಲೊರೇನ್ ಬಾಗಿಲಲ್ಲಿ ನಿಂತು ಕೂಗಿದಳು. ಅವನು ಒಳಗೆ ಹೋದ. ಬಂದವರಿಗೆ ಕಾಫಿ ಕೊಡಲು ಅವಳು ಹೊರಗೆ ಹೋದಳು.

"ನಿನ್ನ ಕಾಗದ ಕಳಿಸಿಬಿಟ್ಯಾ?" ಫ್ರಿಟ್ಜ್‌ನ ದನಿ ಬಾವಿಯೊಳಗಿಂದ ಬಂದಂತಿತ್ತು.

"ಇಲ್ಲ, ಡಬ್ಬಿಯಲ್ಲಿದೆ. ಯಾಕೆ?"

"ಕಳಿಸಬೇಡ ಮಾರಾಯಾ! ನಾನು ಬುಧವಾರ ಆಫೀಸಲ್ಲೇ ಕೈಗೆ ಕೊಟ್ಟೆ. ನಿನ್ನೆ ಸಂಜೆ ಕರೆದು ಕೈ ಕುಲುಕಿದರು. ಬಹಳ ದೊಡ್ಡ ಮನಸ್ಸು ನಿಮ್ಮದು ಅಂದರು. ಆಮೇಲೆ ಹೇಳ್ತಾರೆ, ಬೋನಸ್ಸು ಕೊಟ್ಟದ್ದು ಕಂಪನಿ ಬಿಟ್ಟುಹೋಗಬೇಡಿ ಅಂತ, ನೀವು ಅದನ್ನ ವಾಪಸು ಕೊಟ್ಟಿರಿ, ಅಂದಮೇಲೆ ಬಿಟ್ಟುಹೋಗಬಹುದು ಅಂತ! ಕೀಲಿ ಇಸ್ಕೊಂಡು ಕಳಿಸಿದ್ರು."

ನಾರ್ಬರ್ಟ್ ಕೇಳಿದ್ದು ಒಂದೇ: "ಪಿಂಚಣಿ?"

"ಅರ್ಧ. ಇನ್ನೊಂದು ಕೇಳು. ಆ ತೊಂಬತ್ತು ಪರ್ಸೆಂಟ್ ಇದೆಯಲ್ಲ, ಅದು ವರ್ಷಕ್ಕೆ ಎರಡೂವರೆ ಲಕ್ಷದ ಮೇಲೆ ದುಡಿಯೋರಿಗಂತೆ. ನಮ್ಮಂಥ ಇಲಿಗಳಿಗೆ ಅದು ತಾಕೋದೇ ಇಲ್ಲ."

ಫೋನನ್ನು ಎಲ್ಲಿಟ್ಟನೋ, ನಾರ್ಬರ್ಟ್ ಹೊರಗೆ ಓಡಿದ.

ಹೊರಗೆ ಕುರ್ಚಿ ಇರಲಿಲ್ಲ. ಡೋನಟ್ಟಿನ ಪೆಟ್ಟಿಗೆಯೂ ಇರಲಿಲ್ಲ. ಸಾವು ನೋಡಿ ಬಂದವರ ಹಾಗೆ ಜನ ತಲೆ ತಗ್ಗಿಸಿ ಚದುರುತ್ತಿದ್ದರು. ಡಾಮೆನಿಕ್ ಅವನನ್ನು ನೋಡಿದವನೇ ವ್ಯಾನು ಹತ್ತಿ, "ಸಾವಿರದ ನೂರಕ್ಕೆ ಬಚ್ಚಲ ಬಾಗಿಲೂ ಬರಲ್ಲ ಕಣೋ," ಎಂದು ಹೊರಟೇಹೋದ.

"ನಾನೇನು ಮಾಡ್ಲಿ?" ಲೊರೇನ್ ಖಾಲಿ ಕಾಫಿ ಜಗ್ಗು ಹಿಡಿದು ನಿಂತಿದ್ದಳು. "ಎಷ್ಟು ಮಿಲಿಯನ್ ಅಂತ ಮೇಡಂ ಕೇಳಿದ್ರು. ಇದ್ದದ್ದು ಹೇಳಿದೆ."

ಟ್ವಿಚೆಲ್ ಮೇಡಂ ಮಾತ್ರ ಹೋಗಿರಲಿಲ್ಲ. ಅವರ ಕಣ್ಣಲ್ಲಿ ನೀರಿತ್ತು. "ಅಯ್ಯೋ ಪಾಪ! ಇಷ್ಟು ಚೂರು ದುಡ್ಡಿಗೆ ಎಂಟು ದಿನ ಬೈಸಿಕೊಂಡೆಯಲ್ಲಪ್ಪಾ! ಹಣ ಇಲ್ಲದಿದ್ದರೆ ಹೋಗಲಿ, ಮರ್ಯಾದೆಯಾದರೂ ಉಳೀಲಿ ಅಂತ ನಿನ್ನ ಕಾಗದಾನ ನಾನೇ ಟಪಾಲಿನ ಗ್ಲೆಂಡಾ ಕೈಗೆ ಕೊಟ್ಟುಬಿಟ್ಟೆ."

ನಾರ್ಬರ್ಟ್ ತಿರುಗಿ ನೋಡಿದ. ಟಪಾಲಿನ ಬಿಳಿ ಗಾಡಿ ಮೂರು ಮನೆ ದಾಟಿತ್ತು. ಅರವತ್ತು ದಾಟಿದ ಕಾಲುಗಳಲ್ಲಿ ಎಷ್ಟು ಓಡಬಹುದೋ ಅಷ್ಟು ಓಡಿ, ಗಾಡಿಯ ಮುಂದೆ ಎರಡೂ ಕೈ ಚಾಚಿ ನಿಂತ.

"ಗ್ಲೆಂಡಾ! ನನ್ನ ಕಾಗದ ವಾಪಸು ಕೊಡಮ್ಮಾ!"

"ಅದು ಹೇಗಾಗುತ್ತೆ? ನನ್ನ ಚೀಲಕ್ಕೆ ಬಿದ್ದಮೇಲೆ ಅದು ನಿಂದಲ್ಲ. ಬೇಕಿದ್ರೆ ಪೋಸ್ಟಾಫೀಸಲ್ಲಿ ಅರ್ಜಿ ಬರೆದುಕೊಡು. ಇವತ್ತು ಶನಿವಾರ, ಇಷ್ಟೊತ್ತಿಗೆ ಮುಚ್ಚಿರುತ್ತೆ. ಸೋಮವಾರ ಬಾ."

"ಸೋಮವಾರ ಅದು ಕಂಪನಿಗೆ ತಲುಪಿರುತ್ತೆ!"

"ತಲುಪಿಸೋದೇ ನಮ್ಮ ಕೆಲಸ," ಅಂದಳು ಗ್ಲೆಂಡಾ, ಹೆಮ್ಮೆಯಿಂದ.

ಥಟ್ಟನೆ ನಾರ್ಬರ್ಟನ ಮುಖ ಅರಳಿತು. ಅವನೊಬ್ಬನಿಗೇ ಗೊತ್ತಿದ್ದ ಒಂದು ಗುಟ್ಟಿತ್ತು. ಹೆಂಡತಿಗೂ ಹೇಳದ್ದು. ಎಂಟು ದಿನ ಬೀದಿಗೆಲ್ಲ ಕಾಣುವಂತೆ ಬಾವುಟ ಎತ್ತಿದ್ದನಲ್ಲ, ಆ ಕಾಗದಕ್ಕೆ ಅವನು ಸ್ಟಾಂಪನ್ನೇ ಅಂಟಿಸಿರಲಿಲ್ಲ! ಎಂದಾದರೂ ಲೊರೇನ್ ಬಾವುಟ ಇಳಿಸಲು ಮರೆತರೆ ಇರಲಿ ಎಂದು. ಮರ್ಯಾದೆಯೂ ಉಳಿಯಬೇಕು, ಹಣವೂ ಉಳಿಯಬೇಕು ಎಂದು.

"ಸ್ಟಾಂಪಿಲ್ಲ ಅದಕ್ಕೆ!" ಅವನು ಕುಣಿದ. "ಸ್ಟಾಂಪಿಲ್ಲದ್ದು ನಂಗೇ ವಾಪಸು ಬರಬೇಕು! ನೋಡು, ತೆಗೆದು ನೋಡು!"

ಗ್ಲೆಂಡಾ ತೆಗೆದು ನೋಡಿದಳು. ಅವನಿಗೂ ತೋರಿಸಿದಳು. ಲಕೋಟೆಯ ಮೂಲೆಯಲ್ಲಿ ಹೊಚ್ಚ ಹೊಸ ಸ್ಟಾಂಪೊಂದು ನೆಟ್ಟಗೆ ಕೂತಿತ್ತು.

"ಮರೆತಿದ್ದೆ ಕಣಪ್ಪಾ ನೀನು!" ಹಿಂದಿನಿಂದ ಟ್ವಿಚೆಲ್ ಮೇಡಂ ಏದುಸಿರು ಬಿಡುತ್ತಾ ಬಂದರು. "ನಾನೇ ಅಂಟಿಸಿದೆ. ನಲವತ್ತೆರಡು ಸೆಂಟು. ವಾಪಸು ಕೊಡಬೇಕಾಗಿಲ್ಲ. ಮುಳುಗಿದ ಕಂಪನೀನ ಸರ್ಕಾರ ಎತ್ತಲಿಲ್ವೇ? ಹಾಗೇ ನಿನ್ನನ್ನ ನಮ್ಮ ಬೀದಿ ಎತ್ತಿತು ಅಂದ್ಕೋ."

ಗ್ಲೆಂಡಾ ಲಕೋಟೆಯನ್ನು ಚೀಲಕ್ಕೆ ಹಾಕಿ, ನಾರ್ಬರ್ಟ್ ಪಕ್ಕಕ್ಕೆ ಸರಿಯುವವರೆಗೆ ಹಾರ್ನ್ ಒತ್ತಿ, ಗಾಡಿ ಬಿಟ್ಟಳು.